ಬಸ್ಸು ಗೇಟು ದಾಟುವ ತನಕ

"ಎಲೆ ಒರೆಸು ಅಂದ್ರೆ ಗಿಡದ ಚರ್ಮ ಸುಲೀತಿದ್ದೀಯಲ್ಲೇ, ದರಿದ್ರ ಮುಂಡೇದೇ! ಮೇಲ್ಗಡೆ ಒರೆಸು ಸಾಕು. ಅಡಿಭಾಗ ನೋಡೋಕೆ ಬರೋರೇನು ಇರುವೆಗಳಾ?"

ಸೀಟಿ ಮೇಸ್ತ್ರಿ ಬೈದದ್ದು ನನಗೆ. ಕೊರಳಲ್ಲಿ ಸದಾ ಸೀಟಿ ನೇತಾಡುತ್ತಿದ್ದುದರಿಂದ ಅವನಿಗೆ ಆ ಹೆಸರು. ಬಾಯಿ ಅದಕ್ಕಿಂತ ಜೋರಾದ್ದರಿಂದ ಅವನು ಸೀಟಿ ಊದಿದ್ದನ್ನು ಯಾರೂ ಕಂಡಿರಲಿಲ್ಲ.

ನಾವು ಹದಿಮೂರು ಹೆಂಗಸರು, ಒಬ್ಬೊಬ್ಬರಿಗೆ ಒಂದು ಬಕೆಟ್ಟು, ಹಳೆಯ ಸಮವಸ್ತ್ರ ಹರಿದು ಮಾಡಿದ ಒಂದು ಚಿಂದಿ. ಕಲ್ಲಿದ್ದಲು ಸುಟ್ಟು ಕರೆಂಟು ಮಾಡುವ ಕಂಪನಿಯ ಗೇಟಿನಿಂದ ಕಚೇರಿಯವರೆಗೆ ಎರಡು ಸಾಲು ಗಿಡಗಳಿದ್ದವು. ಚಿಮಣಿಯ ಬೂದಿ ಕೂತು ಕೂತು ಗಾರೆ ಮೆತ್ತಿದಂತೆ ನಿಂತಿದ್ದವು. ಶುಕ್ರವಾರ ಸಮಿತಿಯವರು ಬರುವುದಿತ್ತು. ಹೊಗೆ ತಗ್ಗಿಸಿ ಪರಿಸರ ಉಳಿಸಿದ ಕಂಪನಿಗೆ ಅವರು ಪ್ರಶಸ್ತಿ ಕೊಡುತ್ತಾರಂತೆ. ಆದ್ದರಿಂದ ಎಲೆಗಳು ಹಸಿರಾಗಿರಬೇಕಿತ್ತು. ಅಷ್ಟು ಅವಸರದಲ್ಲಿ ಅವು ತಾವಾಗಿ ಹಸಿರಾಗುವಂತಿರಲಿಲ್ಲ.

ಬುಧವಾರ ಬೆಳಿಗ್ಗೆ ಪಕ್ಕದ ಗಿಡದ ಬುಡದಲ್ಲಿ ನನ್ನ ಅಕ್ಕ ಚಿಂದಿ ಹಿಡಿದು ಸುಮ್ಮನೆ ನಿಂತಿದ್ದಳು.

"ಏನಾಯ್ತೇ ಅಕ್ಕ?"

"ನಿನ್ನ ಭಾವ ನಿನ್ನೆ ರಾತ್ರಿ ಅಂಗಾತ ಮಲಗಿದ್ರು ಕಣೇ."

ಭಾವ ಹನ್ನೊಂದು ವರ್ಷ ಬೂದಿಗುಂಡಿಯಲ್ಲಿ ದುಡಿದವರು. ಮಲಗಿದರೆ ಉಸಿರು ಕಟ್ಟುತ್ತದೆಂದು ಎಂಟು ತಿಂಗಳಿಂದ ಗೋಡೆಗೊರಗಿ ಕೂತೇ ನಿದ್ದೆ ಮಾಡುತ್ತಿದ್ದರು. ಕಂಪನಿ ಡಾಕ್ಟರು ಸಿಗರೇಟು ಬಿಡಲು ಹೇಳಿದ್ದರು. ಹುಟ್ಟಿದಾಗಿನಿಂದ ಸೇದದ್ದನ್ನು ಬಿಡುವುದು ಹೇಗೆಂದು ತಿಳಿಯದೆ ಭಾವ ಹೂಂ ಅಂದು ಬಂದಿದ್ದರು.

"ಹೋಗೇಬಿಟ್ರೇನೋ ಅಂತ ಮೂಗಿನ ಹತ್ರ ಕೈ ಇಟ್ಟು ನೋಡ್ದೆ. ಎದ್ದು ಬೈದ್ರು. ಬೈಯೋಕೂ ಉಸಿರಿತ್ತು ನೋಡು!"

ಮಧ್ಯಾಹ್ನ ಊಟಕ್ಕೆ ಕಂಪನಿ ಗೋಡೆಯಾಚೆಯ ಕೂಲಿಯವರ ಲೈನು ಮನೆಗೆ ಹೋದಾಗ ಭಾವನೇ ಕಾರಣ ಹೇಳಿದರು. ಹೊಗೆಯೊಳಗಿನ ಬೂದಿಯನ್ನು ಚಿಮಣಿಗೆ ಬಿಡದೆ ಎಳೆದು ಹಿಡಿಯುವ ಯಂತ್ರವೊಂದಿದೆ. ಅದರ ಗುಂಯ್ ಸದ್ದು ಅವರಿಗೆ ಗೋಡೆಯಾಚೆಯಿಂದಲೂ ಗೊತ್ತಾಗುತ್ತಿತ್ತು. ಸಮಿತಿಗೆಂದು ಮಂಗಳವಾರ ಅದನ್ನು ಚಾಲೂ ಮಾಡಿದ್ದರು.

"ದಿನಾ ಯಾಕೆ ಹಾಕಲ್ಲ ಭಾವ?"

"ಕರೆಂಟು ತಿನ್ನುತ್ತಲ್ಲಮ್ಮಾ. ಎಣ್ಣೆ ಮಾರೋನು ತನ್ನ ಮನೇಲಿ ದೀಪ ಹಚ್ತಾನಾ?"

ಗುರುವಾರ ದೊಡ್ಡ ಸಾಹೇಬರು ಎಲೆ ಪರೀಕ್ಷೆಗೆ ಬಂದರು. ಬಿಳಿ ಕರವಸ್ತ್ರದಿಂದ ಒಂದೆಲೆ ಒರೆಸಿ, ಕರವಸ್ತ್ರ ನೋಡಿ ತೃಪ್ತಿಪಟ್ಟರು. ಅಕ್ಕ ಬಕೆಟ್ಟು ಕೆಳಗಿಟ್ಟಳು.

"ಸಾರ್, ಆ ಬೂದಿ ಯಂತ್ರ ದಿನಾ ಹಾಕ್ಸಿ. ನಮ್ಮೆಜಮಾನ್ರು ಮಲಗ್ತಾರೆ."

ಸಾಹೇಬರು ಮೇಸ್ತ್ರಿಯ ಕಡೆ ತಿರುಗಿದರು. "ಏನಯ್ಯಾ, ಇವಳ ಗಂಡ ಮಲಗ್ಲಿ ಅಂತ ಕಂಪನಿ ಯಂತ್ರ ಓಡಿಸ್ಬೇಕಂತೆ. ಜೊತೆಗೆ ಜೋಗುಳಾನೂ ಹಾಡೋಣ್ವಾ?"

ಮೇಸ್ತ್ರಿ ನಕ್ಕ. ನಗುವುದೂ ಅವನ ಕೆಲಸದಲ್ಲಿ ಸೇರಿತ್ತು.

"ನಾಳೆ ಅವರ ಬಸ್ಸು ಗೇಟು ದಾಟ್ತಿದ್ದ ಹಾಗೇ ಆಫ್ ಮಾಡ್ಸು. ಒಂದು ನಿಮಿಷಾನೂ ಜಾಸ್ತಿ ಓಡ್ಬಾರ್ದು," ಎಂದರು ಸಾಹೇಬರು. ನಾವು ಅಲ್ಲೇ ನಿಂತಿದ್ದೆವು. ಬಕೆಟ್ಟು ಹೊತ್ತವರ ಮುಂದೆ ಯಾರೂ ದನಿ ತಗ್ಗಿಸುವುದಿಲ್ಲ.

ಶುಕ್ರವಾರ ಸಮಿತಿಯ ಒಂಬತ್ತು ಮಂದಿ ಬಂದರು. ಅವರಲ್ಲಿ ಎಲ್ಲರಿಗಿಂತ ಹಿರಿಯರಾದ ಕನ್ನಡಕದ ಮುದುಕರೊಬ್ಬರು ಫೋಟೋದವನಿಗಾಗಿ ಎರಡೆರಡು ಸಲ ದೀರ್ಘವಾಗಿ ಉಸಿರೆಳೆದು, "ಎಂಥ ಗಾಳಿ!" ಎಂದರು. ಪರಿಸರ ನಮಗೆ ತಾಯಿ ಇದ್ದ ಹಾಗೆ ಎಂದು ಸಾಹೇಬರು ಭಾಷಣ ಮಾಡಿದರು. ತಾಯಿಯ ಮುಖ ಒರೆಸಿದ ನಮ್ಮನ್ನು ಸೈಕಲ್ ಶೆಡ್ಡಿನ ಹಿಂದೆ ನಿಲ್ಲಿಸಿದ್ದರು.

ಮೂರು ಗಂಟೆಗೆ ಬಸ್ಸು ಹೊರಟಿತು. ಅಕ್ಕ ಶೆಡ್ಡಿನ ಹಿಂದಿನಿಂದ ಸರಸರ ನಡೆದು, ಗೇಟಿನ ನಡುವೆ ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತಳು.

"ಕೆಲಸ ಹೋಗುತ್ತೆ ಕಣೇ. ಮನೇನೂ ಕಂಪನೀದೇ," ಎಂದೆ ನಾನು ಓಡಿಹೋಗಿ.

"ಗೊತ್ತು. ನೀನು ಹೋಗು."

ನಾನೂ ಬಕೆಟ್ಟು ಬೋರಲು ಹಾಕಿದೆ. ಹಿಂದೆ ಹನ್ನೊಂದು ಬಕೆಟ್ಟುಗಳ ಸದ್ದು ಕೇಳಿಸಿತು.

"ಏಳ್ರೇ ಹಡಬೇ ಮುಂಡೇರಾ!" ಎಂದು ಓಡಿಬಂದ ಮೇಸ್ತ್ರಿ, ಬಸ್ಸಿನ ಕಿಟಕಿಯಲ್ಲಿ ಕನ್ನಡಕ ಕಂಡು, "ಏಳೀಮ್ಮಾ ತಾಯಂದಿರಾ," ಎಂದ.

ಮುದುಕರು ಇಳಿದು ಬಂದರು. "ಏನಮ್ಮಾ, ಕೂಲಿ ಜಾಸ್ತಿ ಬೇಕಾ?"

"ಇಲ್ಲ ಸ್ವಾಮಿ. ನೀವು ಬೇಕು."

"ನಾನಾ?"

"ನೀವಿರೋ ತನಕ ಬೂದಿ ಹಿಡಿಯೋ ಯಂತ್ರ ಓಡುತ್ತೆ. ನೀವು ಈ ಗೇಟು ದಾಟಿದ್ರೆ ನಿಲ್ಲಿಸ್ತಾರೆ. ನನ್ನ ಗಂಡ ಮತ್ತೆ ಗೋಡೆಗೊರಗ್ಬೇಕು. ಹೋಗ್ಬೇಡಿ."

ಮುದುಕರು ಸಾಹೇಬರನ್ನು ನೋಡಿದರು. ಸಾಹೇಬರು ಚಿಮಣಿ ನೋಡಿದರು.

"ಎಷ್ಟು ದಿನ ಇರ್ಲಮ್ಮಾ ನಾನು?"

"ಅವರಿಗೆ ಎಷ್ಟು ಆಯಸ್ಸಿದೆಯೋ ಅಷ್ಟು ದಿನ."

"ತಲೆ ಕೆಟ್ಟೋಳು ಸಾರ್," ಎಂದರು ಸಾಹೇಬರು.

"ಹೌದು ಸ್ವಾಮಿ. ನಿದ್ದೆ ಇಲ್ಲ ನೋಡಿ."

ಡ್ರೈವರು ಎಂಜಿನ್ ಆರಿಸಿದ. ಆಗ ಎಲ್ಲರಿಗೂ ಆ ಗುಂಯ್ ಸದ್ದು ಕೇಳಿಸಿತು. ಸಾಹೇಬರು ಆಚೆ ಹೋಗಿ ಪೊಲೀಸರಿಗೆ ಫೋನು ಮಾಡಿದರು. ಬರಲು ಎರಡು ತಾಸು ಆಗುತ್ತದಂತೆ ಎಂದು ಮೇಸ್ತ್ರಿ ನಮಗೆ ಹೆದರಿಸುವ ದನಿಯಲ್ಲಿ ತಿಳಿಸಿದ.

"ಎರಡು ತಾಸಾ!" ಎಂದಳು ಅಕ್ಕ. ಭಾವ ಮಲಗಿದ್ದ ಲೈನು ಮನೆಗಳ ಕಡೆ ಒಮ್ಮೆ ನೋಡಿ, ಬಕೆಟ್ಟನ್ನು ಬಸ್ಸಿನ ಚಕ್ರದ ಹತ್ತಿರಕ್ಕೆ ಇನ್ನೂ ಸ್ವಲ್ಪ ಎಳೆದುಕೊಂಡು ಕೂತಳು.