ಮೂರೆಕರೆ ಕುಲಾವಿ

ಪುಷ್ಯ ಮಾಸ. ಹಿಂಗಾರಿ ಜೋಳ ಹಾಲು ತುಂಬಿ ಕಾಳು ಕಟ್ಟುತ್ತಿತ್ತು. ಹಲಸಂಗಿ ಹಾದಿಯ ಮೂರೆಕರೆ ಹೊಲದ ನಡುವಿನ ಅಟ್ಟಣಿಗೆಯನ್ನು ಶೇವಂತೆವ್ವ ಹೊತ್ತು ಮೂಡುವ ಮೊದಲೇ ಏರಿ ಕೂತಿದ್ದಳು. ಉಡಿಯಲ್ಲಿ ಎರಡು ಬಗೆಯ ಉಂಡೆಗಳು: ಬಲಕ್ಕೆ ಕವಣೆಗಿಟ್ಟು ಬೀಸುವ ಮಣ್ಣಿನ ಹೆಂಟೆ, ಎಡಕ್ಕೆ ಕೆಂಪು ಉಲ್ಲನ್. ನಾಲ್ಕು ಕುಣಿಕೆ ಹೆಣೆಯುವುದು, ಕಡ್ಡಿಗಳನ್ನು ಕಂಕುಳಲ್ಲಿ ಇರುಕಿಕೊಂಡು ‘ಹೋ’ ಎಂದು ಒಂದು ಹೆಂಟೆ ಬೀಸುವುದು, ಮತ್ತೆ ನಾಲ್ಕು ಕುಣಿಕೆ.

ಮನೆಯಲ್ಲಿ ಹೆಣೆಯಲು ಆಗುತ್ತಿರಲಿಲ್ಲವೆಂದಲ್ಲ, ಮನೆಯವರು ಆಗಗೊಡುತ್ತಿರಲಿಲ್ಲ. ಒಮ್ಮೆ ರೊಟ್ಟಿ ಬಡಿಯುತ್ತ ಮನಸ್ಸಿನಲ್ಲೇ ಕುಣಿಕೆ ಎಣಿಸಿ, ಮೂರು ಜನರ ಮನೆಗೆ ನಲವತ್ತೆಂಟು ರೊಟ್ಟಿ ಬಡಿದಿಟ್ಟಿದ್ದಳು. ಅತ್ತೆ ತಿಪ್ಪವ್ವ, “ಬೀಗರು ಬರಾಕತ್ತಾರೇನ?” ಎಂದು ಕೇಳಿ, ನಾಲ್ಕು ದಿನ ಆ ಕಟಕಲು ರೊಟ್ಟಿಯನ್ನು ಸೊಸೆಯ ಮುಖ ನೋಡಿಕೊಂಡೇ ಕಡಿದಳು. ಇನ್ನೊಮ್ಮೆ ‘ಈ ಸಾಲು ಮುಗಿಯಲಿ’ ಎನ್ನುವಷ್ಟರಲ್ಲಿ ಕರು ಎಮ್ಮೆಯ ಹಾಲೆಲ್ಲ ಕುಡಿದು ಮುಗಿಸಿತ್ತು. ಅಂದೇ ಗಂಡ ಸಿದ್ದರಾಯ ಕಡ್ಡಿ ಮುರಿದಂತೆ ಹೇಳಿದ್ದ.

“ಹೊಲಕ್ಕ ಒಯ್ಯಿ, ಬ್ಯಾಡನ್ನೂದಿಲ್ಲ. ಒಂದು ತೆನಿ ಬೋಳಾತಂದ್ರ ಆ ಕಡ್ಡಿ ಒಲಿಗೆ ಹಾಕ್ತೇನಿ.”

“ಉಕ್ಕಿನವು, ಸುಡೂದಿಲ್ರಿ.”

“ಹಂಗಾರ ಬಾವಿಗೆ.”

ಆ ಕಡ್ಡಿಗಳು ಸೈಕಲ್ಲಿನವು. ಊರ ಅಗಸಿಬಾಗಿಲ ಬಳಿ ಸೈಕಲ್ ರಿಪೇರಿ ಮಾಡುವ ನಬಿಲಾಲನ ಹೆಂಡತಿ ಗೌಸಬಿ, ಚೀನಾ ಯುದ್ಧದ ವರ್ಷ ಇಂಡಿ ಊರಿನ ಶಾಲೆ ಕಲಿಸುವ ಅಕ್ಕೋರಿಂದ ಸೈನಿಕರಿಗೆಂದು ಹೆಣೆಯುವುದನ್ನು ಕಲಿತು ಬಂದಿದ್ದಳು. ಯುದ್ಧ ಮುಗಿದಿತ್ತು, ಕೈಯ ಚಟ ಮುಗಿದಿರಲಿಲ್ಲ. ಶೇವಂತೆವ್ವನಿಗೂ ಅದನ್ನು ಅಂಟಿಸಿದಳು. ಗಂಡನ ಅಂಗಡಿಯ ಎರಡು ಕಡ್ಡಿಗಳ ತುದಿ ಉಜ್ಜಿಸಿ ಕೊಟ್ಟಳು, ಸೊಲ್ಲಾಪುರದ ಕೆಂಪು ಉಲ್ಲನ್ನೂ ಕೊಟ್ಟು ಕರಾರು ಹಾಕಿದಳು: “ನನ್ನ ಮೊಮ್ಮಗಗ ನಾಲ್ವತ್ತು ದಿನ ತುಂಬೂದ್ರಾಗ ಒಂದು ಕುಲಾವಿ ತಲಿಮ್ಯಾಲೆ ಬರಬೇಕು. ಬಂತೋ, ಕಡ್ಡಿ ನಿನ್ನವು. ಇಲ್ಲೋ, ತಿರುಗಿ ನನ್ನವು.”

ಇನ್ನು ಐದು ದಿನ ಉಳಿದಿತ್ತು. ಕುಲಾವಿ ಅರ್ಧಕ್ಕೆ ಬಂದಿತ್ತು.

ಬಿಸಿಲೇರುವ ಹೊತ್ತಿಗೆ ಗುಬ್ಬಿಗಳ ಹಿಂಡು ಮೋಡದಂತೆ ಇಳಿಯಿತು. ಶೇವಂತೆವ್ವ ಕುಣಿಕೆಯಿಂದ ಕಣ್ಣು ತೆಗೆಯದೆ ಉಡಿಗೆ ಕೈ ಹಾಕಿದಳು, ಕವಣೆಗೆ ಇಟ್ಟಳು, ಮೂರು ಸುತ್ತು ತಿರುವಿ ಬೀಸಿದಳು. ಕೈಗೆ ಭಾರ ತಿಳಿಯುವ ಹೊತ್ತಿಗೆ ಕೆಂಪು ಉಂಡೆ ಆಕಾಶದಲ್ಲಿ ದಾರ ಬಿಚ್ಚುತ್ತ ಹೊಲದ ಉದ್ದಕ್ಕೂ ಹಾರಿ, ಬದುವಿನಾಚೆ ಬಿದ್ದಿತ್ತು. ಗುಬ್ಬಿಗಳು ಎದ್ದವು. ಅಂಥದ್ದನ್ನು ಅವು ಕಂಡಿರಲಿಲ್ಲ.

ಸ್ವಲ್ಪ ಹೊತ್ತಿಗೆ ಪಕ್ಕದ ಹೊಲದ ಮಾಳಿಂಗಪ್ಪ, ತಲೆಯ ಪಟಗಕ್ಕೆ ಸಿಕ್ಕ ಉಂಡೆಯನ್ನು ಹಾಗೆಯೇ ಹೊತ್ತು ಬದುವಿಗೆ ಬಂದ.

“ತಂಗೀ, ಕವಣ್ಯಾಗ ಏನಿಟ್ಟು ಹೊಡ್ಯಾಕತ್ತಿ? ಮೆತ್ತಗೈತಿ!”

“ಎಳೀಬ್ಯಾಡೊ ಯಣ್ಣಾ, ಹರೀತೈತಿ!”

ಸಂಜೆಗೆ ಬಂದ ಸಿದ್ದರಾಯ ಹೊಲ ಸುತ್ತಿದ. ದಾರ ತೆನೆಯಿಂದ ತೆನೆಗೆ ಸಿಕ್ಕಿಕೊಂಡು ಗಾಳಿಗೆ ನಡುಗುತ್ತಿತ್ತು. ಒಂದು ತೆನೆಯೂ ಬೋಳಾಗಿರಲಿಲ್ಲ. ಗುಬ್ಬಿಗಳೆಲ್ಲ ಮಾಳಿಂಗಪ್ಪನ ಹೊಲದಲ್ಲಿ ಉಣ್ಣುತ್ತಿದ್ದವು. ಸಿದ್ದರಾಯ ಬಹಳ ಹೊತ್ತು ಗಡ್ಡ ಕೆರೆದುಕೊಂಡು, “ಸುಗ್ಗಿ ಆಗೂತನಕ ಈ ದಾರಕ್ಕ ಯಾರೂ ಕೈ ಹಚ್ಚಬ್ಯಾಡ್ರಿ,” ಅಂದ.

“ನನ್ನ ಕುಲಾವಿ?”

“ಕುಲಾವಿ ದೊಡ್ಡದೋ, ಜ್ವಾಳಾ ದೊಡ್ಡದೋ?”

ಅವನು ತಾನೇ ಒಂದು ಬಿಳಿ ಹುರಿ ತಂದು ಕಟ್ಟಿ ನೋಡಿದ. ಗುಬ್ಬಿಗಳು ಅದರ ಮೇಲೆ ಸಾಲಾಗಿ ಕೂತು ಬಾಯಿ ಒರೆಸಿಕೊಂಡವು. ಕೆಂಪು ದಾರವೇ ಬೇಕಾಯಿತು.

ಹೀಗೆ ನಲವತ್ತನೆಯ ದಿನ ಬಂತು. ಶೇವಂತೆವ್ವ ಗೌಸಬಿಯ ಮನೆಗೆ ಹೋಗಲಿಲ್ಲ. ಹೋಗಬೇಕೆಂದರೆ ಕುಲಾವಿಯೊಂದಿಗೆ ಹೊಲವನ್ನೂ ಒಯ್ಯಬೇಕಿತ್ತು. ಮಧ್ಯಾಹ್ನ ಗೌಸಬಿಯೇ ಮೊಮ್ಮಗನನ್ನು ಸೆರಗಿನಲ್ಲಿ ಹೊತ್ತು ಹೊಲಕ್ಕೆ ಬಂದಳು.

“ಎಲ್ಲೈತಿ ನನ್ನ ಕುಲಾವಿ?”

“ಇಲ್ಲೈತಿ ಅಕ್ಕಾ. ಉಳಿದದ್ದು ಹೊಲದಾಗ ಐತಿ.”

ಗೌಸಬಿ ದಾರದ ಜಾಡು ಹಿಡಿದು ಬದುವಿನ ತನಕ ಕಣ್ಣು ಹಾಯಿಸಿದಳು. “ಮೂರೆಕರೆ ಕುಲಾವಿ! ನವಾಬನ ಮಗನಿಗೂ ಸಿಕ್ಕಿರಾಕಿಲ್ಲ ಬಿಡು.” ಆಮೇಲೆ ಧ್ವನಿ ಬಿಗಿಯಾಯಿತು. “ಮಾತು ಅಂದ್ರ ಮಾತು, ಶೇವಂತಿ. ಕಡ್ಡಿ ತಾ.”

ಶೇವಂತೆವ್ವ ಕಡ್ಡಿಗಳನ್ನು ಎದೆಗೆ ಅವಚಿಕೊಂಡಳು. “ತಲಿಮ್ಯಾಲೆ ಬರಬೇಕು ಅಂದಿದ್ದಿ. ಮುಗಿಸಿ ಕೊಡು ಅಂದಿಲ್ಲ.” ಕೂಸನ್ನು ಅಟ್ಟಣಿಗೆಗೆ ಎತ್ತಿಕೊಂಡು, ಅರ್ಧ ಕುಲಾವಿಯನ್ನು ಕಡ್ಡಿ ಸಮೇತ ಅದರ ತಲೆಗೆ ಏರಿಸಿ, ಕಿವಿಗೆ ಚುಚ್ಚದಂತೆ ತುದಿ ಹಿಡಿದು ಕೂತಳು.

ಕೂಸಿಗೆ ಬಿಸಿಲು. ಅದು ಚೀರಿ ತಲೆ ಕೊಡವಿತು. ತಲೆ ಕೊಡವಿದೊಡನೆ ದಾರ ಜಗ್ಗಿತು, ಮೂರೆಕರೆಯ ತೆನೆಗಳೆಲ್ಲ ಒಮ್ಮೆ ತೂಗಿದವು. ಐದು ದಿನದಲ್ಲಿ ದಾರಕ್ಕೆ ರೂಢಿಯಾಗಿ ಸದ್ದಿಲ್ಲದೆ ಒಳಗೆ ನುಸುಳಿದ್ದ ಗುಬ್ಬಿಗಳು ಭರ್ರೆಂದು ಎದ್ದು ಹೋದವು.

ಎತ್ತು ಬಿಡುತ್ತಿದ್ದ ಸಿದ್ದರಾಯ ಅಲ್ಲಿಂದಲೇ ಓಡಿ ಬಂದ. “ಅಕ್ಕಾರ, ಸುಗ್ಗಿ ತನಕ ಈ ಕೂಸಿನ್ನ ದಿನಾ ತರ್ತೀರೇನ್ರಿ?”

“ಕುಲಾವಿ ಬಂತು, ಕಡ್ಡಿ ಆಕೀವು, ಅದು ಮುಗೀತು,” ಅಂದಳು ಗೌಸಬಿ. “ಇದು ಬ್ಯಾರೆ ದುಡಿಕಿ. ಹಕ್ಕಿ ಕಾಯಾವ್ರಿಗೆ ಊರಾಗ ಏನು ಕೊಡ್ತಾರ?”

“ಒಂದು ಬುಟ್ಟಿ ತೆನಿ.”

“ಹಂಗಾರ ಆತು.”

ಕೂಸು ತಿಂಗಳು ತುಂಬ ದುಡಿಯಿತು. ಹಸಿದಾಗ ಚೀರಿತು, ಮಲಗಿದಾಗ ಮಾತ್ರ ಶೇವಂತೆವ್ವ ಹೆಂಟೆ ಬೀಸಿದಳು. ಎರಡನೆಯ ವಾರಕ್ಕೆ ಮಾಳಿಂಗಪ್ಪ ಬದುವಿಗೆ ಬಂದು, “ಇಂಥ ಇನ್ನೊಂದು ಕೂಸು ಸಿಗ್ತೈತೇನ್ರಿ?” ಎಂದು ಕೇಳಿದ.

ರಾಶಿಯ ದಿನ ಸಿದ್ದರಾಯ ಆರಿಸಿದ ತೆನೆಗಳನ್ನು ಬುಟ್ಟಿಗೆ ತುಂಬಿ, ಕೂಸಿನ ಮುಂದೆ ಇಟ್ಟು ಕೈಮುಗಿದ. ಗೌಸಬಿ ಬುಟ್ಟಿ ಹೊತ್ತು ಹೋದಳು. ಕೊಯ್ಯುವವರು ಬಿಡಿಸಿ ಕೊಟ್ಟ ಕೆಂಪು ದಾರದಲ್ಲಿ ಶೇವಂತೆವ್ವ ಸಿಕ್ಕ ರವದಿಯ ಒಣ ಎಲೆಗಳನ್ನು ಆರಿಸಿ ತೆಗೆಯುತ್ತ ಕೂತಿದ್ದಳು.

“ಏನ್ರಿ, ಅಟ್ಟಣಿಗಿ ಮ್ಯಾಲೆ ನಾನೂ ಒಂದೂವರಿ ತಿಂಗಳು ಕೂತೇನಿ. ನನ್ನ ಬುಟ್ಟಿ?”

ಸಿದ್ದರಾಯ ಎತ್ತಿನ ಕಡೆ ನೋಡಿದ. ಎತ್ತು ಬೇರೆ ಕಡೆ ನೋಡಿತು.

“ಇರಲಿ. ನೆನಪಿರಲಿ ಅಷ್ಟ,” ಎಂದಳು.

ಆ ಬುಟ್ಟಿ ಅವಳಿಗೆ ಬರಲೇ ಇಲ್ಲ. ಆದರೆ ಅಂದಿನಿಂದ ದಿನಾ ಸಂಜೆ ಅವಳು ಹೊಸ್ತಿಲಲ್ಲೇ ಕೂತು ಹೆಣೆಯುತ್ತಿದ್ದಳು. ತಿಪ್ಪವ್ವ ರೊಟ್ಟಿಯ ಮಾತೆತ್ತಿದರೆ ಸಿದ್ದರಾಯ ತಾನೇ, “ಈ ಸಾಲು ಮುಗೀಲಿ ತಡಿ ಯವ್ವಾ,” ಎಂದು ಎಮ್ಮೆ ಹಿಂಡಲು ಏಳುತ್ತಿದ್ದ.