ಹಡಗಿನ ವಿಮೆಗೆ ಅವರ ಸಹಿ

ನಮ್ಮ ಯಜಮಾನರ ಎದೆಯೊಳಗಿನ ದೊಡ್ಡ ರಕ್ತನಾಳ ಊದಿಕೊಂಡಿದೆ ಎಂದು ಡಾಕ್ಟರು ನನ್ನನ್ನೂ ಮಗಳನ್ನೂ ಹೊರಗೆ ಕರೆದು ಹೇಳಿ ಹನ್ನೊಂದು ತಿಂಗಳಾಗಿತ್ತು. ಒಡೆದರೆ ಕಥೆ ಮುಗಿಯಿತು, ಆಪರೇಷನ್ನಿಗೆ ದೇಹ ತಡೆಯುವುದು ಕಷ್ಟ, ಮಾತ್ರೆ ಕೊಟ್ಟು ನೋಡೋಣ ಎಂದಿದ್ದರು. ಒಳಗೆ ಕುಳಿತಿದ್ದ ಅವರಿಗೆ ಗ್ಯಾಸ್ಟ್ರಿಕ್ ಎಂದು ಹೇಳಿದೆವು. ಹೇಳಿದವಳು ನಾನೇ. ಹೆದರಿಕೊಂಡ ಮನುಷ್ಯ ಬೇಗ ಹೋಗಿಬಿಡುತ್ತಾನೆ ಎಂದು ಮಗಳ ಬಾಯಿಯನ್ನೂ ಮುಚ್ಚಿಸಿದೆ. ಅವರ ಪಾಲಿನ ಹೆದರಿಕೆಯನ್ನೂ ನಾನೇ ಹೊತ್ತುಕೊಂಡೆ, ಅಷ್ಟೇ.

ಅವರು ಅಂಗಡಿಗಳಿಗೆ ಬೋರ್ಡು ಬರೆಯುವವರು. ಅರವತ್ತೆಂಟಾದರೂ ಏಣಿ ಬಿಟ್ಟವರಲ್ಲ. ಅವರು ಏಣಿ ಹತ್ತಿದಾಗೆಲ್ಲ ಕೆಳಗೆ ನಿಂತ ನನ್ನ ಜೀವ ಬಾಯಿಗೆ ಬರುತ್ತಿತ್ತು. ಬಣ್ಣದ ಡಬ್ಬ ಎತ್ತಬೇಡಿ ಎಂದರೆ, "ಏನೇ, ನಂಗೇನು ವಯಸ್ಸಾಯ್ತಾ?" ಎಂದು ಎರಡೆರಡು ಎತ್ತುತ್ತಿದ್ದರು. ನಾನು ಸಿಡುಕುತ್ತಿದ್ದೆ. ಸಿಡುಕದೆ ಇನ್ನೇನು ಮಾಡಲಿ, ಅಳಲಾ?

ಅಷ್ಟರಲ್ಲಿ ಮಗಳು ಎಂಟು ದಿನದ ಹಡಗಿನ ಪ್ರವಾಸಕ್ಕೆ ನಮ್ಮಿಬ್ಬರ ಟಿಕೆಟ್ ಮಾಡಿಸಿದಳು. ಗೋಡೆ ಮೇಲೆ, ಷಟರ್ ಮೇಲೆ ಎಷ್ಟೋ ಹಡಗು ಬರೆದಿದ್ದ ಮನುಷ್ಯ, ಒಂದನ್ನೂ ಹತ್ತಿರಲಿಲ್ಲ. ಬೀದಿಗೆಲ್ಲ ಡಂಗುರ ಹೊಡೆದುಬಿಟ್ಟರು. ಈಗ ಬೇಡ ಎನ್ನುವುದಾದರೂ ಹೇಗೆ? ಡಾಕ್ಟರನ್ನು ಕೇಳಿದೆ.

"ಹೋಗ್ಲಿ ಬಿಡಿ, ಆಸೆ ಇದೆ," ಎಂದರು. "ಆದ್ರೆ ವಿಮೆ ಇಲ್ದೆ ಹತ್ತಿಸ್ಬೇಡಿ. ಹಡಗಲ್ಲಿರೋದು ಸಣ್ಣ ಕ್ಲಿನಿಕ್ಕು. ಏನಾದ್ರೂ ಆದ್ರೆ ಹೆಲಿಕಾಪ್ಟರಲ್ಲೇ ದಡಕ್ಕೆ ತರ್ಬೇಕು."

ಸುತ್ತ ನೀರು, ನಡುವೆ ಇವರು ಎದೆ ಹಿಡಿದುಕೊಂಡು ಕುಸಿದ ಚಿತ್ರ ಅಂದಿನಿಂದ ನನ್ನ ಕಣ್ಣಿಗೆ ಕಟ್ಟಿತು. ಈರುಳ್ಳಿ ಹೆಚ್ಚುವಾಗಲೂ ಅದೇ, ಬಟ್ಟೆ ಮಡಚುವಾಗಲೂ ಅದೇ.

ವಿಮೆ ಕಚೇರಿಗೆ ಒಬ್ಬಳೇ ಹೋದೆ. ಅಲ್ಲಿನ ಹೆಂಗಸು ಅರ್ಜಿಯ ಏಳನೇ ಪ್ರಶ್ನೆಯ ಮೇಲೆ ಬೆರಳಿಟ್ಟಳು. ಈಗಾಗಲೇ ಇರುವ ಕಾಯಿಲೆ.

"ಇಲ್ಲ ಅಂತ ಬರೆದ್ರೆ ಏನಾಗುತ್ತೆ?"

"ಕಂತು ಕಡಿಮೆ ಬರುತ್ತೆ ಅಮ್ಮ. ಆಮೇಲೆ ಅದೇ ಕಾಯಿಲೆಗೆ ಹೆಲಿಕಾಪ್ಟರ್ ಬೇಕು ಅಂದಾಗ ನಾವು ಬರಲ್ಲ. ಹೌದು ಅಂತ ಬರೆದು ಡಾಕ್ಟರ ಪತ್ರ ಇಟ್ರೆ ಕಂತು ಜಾಸ್ತಿ, ಆದ್ರೆ ನಿಮ್ಮನ್ನ ಕೈ ಬಿಡಲ್ಲ. ಸಹಿ ಮಾತ್ರ ಅವರದೇ ಆಗ್ಬೇಕು."

ಮಗಳಿಗೆ ಫೋನ್ ಮಾಡಿದೆ. "ಇಲ್ಲ ಅಂತ ಬರೆದ್ಬಿಡಮ್ಮಾ, ಎಂಟು ದಿನ ತಾನೇ," ಎಂದಳು. "ಎಂಟು ದಿನದಲ್ಲೇ ಆದ್ರೆ ಏನೇ ಮಾಡ್ಲಿ, ಈಜ್ಕೊಂಡು ಬರ್ಲಾ?" ಎಂದು ರೇಗಿ ಫೋನ್ ಇಟ್ಟೆ. 'ಹೌದು' ಎಂದೇ ಬರೆದೆ. ವಿವರವನ್ನೂ ನನ್ನ ಕೈಯಾರೆ ತುಂಬಿದೆ. ಆ ಹೆಂಗಸಿಗೆ ವಿಷಯ ಹೇಳಿ, ಬಾಯಿ ಬಿಡಬೇಡ ಎಂದು ಕೈ ಮುಗಿದೆ.

ಈಗ ಇದ್ದದ್ದು ಒಂದೇ ತೊಡಕು. ಇವರು ಓದದೆ ಸಹಿ ಹಾಕುವ ಪೈಕಿಯಲ್ಲ. ಬೋರ್ಡಿನ ಕೆಲಸದಲ್ಲಿ ಅದೇ ಅವರ ಕ್ರಮ. ಗಿರಾಕಿ ಬರೆದುಕೊಟ್ಟ ಚೀಟಿಯನ್ನು ಅವನ ಮುಂದೆಯೇ ಗಟ್ಟಿಯಾಗಿ, ಅಕ್ಷರ ಬಿಡದೆ ಓದಿ ಒಪ್ಪಿಸಿ, ಆಮೇಲೆಯೇ ಕುಂಚ ಮುಟ್ಟುವುದು. ಅದಕ್ಕೇ ಮರುದಿನ ಹೊರಡುವ ಮೊದಲು ಅವರ ಕನ್ನಡಕವನ್ನು ಹಾಸಿಗೆಯ ಕೆಳಗೆ ತುರುಕಿದೆ. ಹುಡುಕಿ ಹುಡುಕಿ ಸಾಕಾಗಿ ಹಾಗೇ ಬಂದರು.

ಕಚೇರಿಯಲ್ಲಿ ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು. ಆ ಹೆಂಗಸು ಕೊನೆಯ ಹಾಳೆ ತೆಗೆದು, "ಇಲ್ಲೊಂದು ಸಹಿ ಸರ್," ಎಂದಳು. ಇವರು ಪೆನ್ನು ಹಿಡಿದು, "ಕಣ್ಣು ಕಾಣ್ತಿಲ್ವಲ್ಲಮ್ಮಾ," ಎಂದರು. ಪಕ್ಕದ ಕುರ್ಚಿಯಲ್ಲಿದ್ದ ಮುದುಕಪ್ಪ ತಕ್ಷಣ ತನ್ನ ಕನ್ನಡಕ ತೆಗೆದು, "ತಗೊಳ್ಳಿ, ನಂದು ಹಾಕ್ಕೊಳ್ಳಿ," ಎಂದ. ಪರೋಪಕಾರಿ! ಅವನ ಕುತ್ತಿಗೆ ಹಿಸುಕುವಷ್ಟು ಸಿಟ್ಟು ಬಂತು.

"ರೀ, ಹೊತ್ತಾಯ್ತು, ಹಾಕಿ ಸುಮ್ನೆ," ಎಂದೆ. ನನ್ನ ದನಿ ನನಗೇ ಬೇರೆ ಯಾರದೋ ಎನಿಸಿತು.

"ಇರೇ," ಎಂದು ಆ ಕನ್ನಡಕ ಏರಿಸಿಕೊಂಡು ಮೊದಲ ಹಾಳೆಗೆ ಹೋದರು. ಗಟ್ಟಿಯಾಗಿ ಶುರುಮಾಡಿದರು. ನಮ್ಮಿಬ್ಬರ ಹೆಸರು, ವಯಸ್ಸು, ವಿಳಾಸ. ನಾಲ್ಕನೆಯದು ಮುಗಿಯಿತು. ಐದನೆಯದೂ ಮುಗಿಯಿತು. ಹಾಳೆ ಕಿತ್ತುಕೊಳ್ಳೋಣವೆಂದರೆ ಕೈ ಏಳಲಿಲ್ಲ.

"ಏಳು. ಈಗಾಗಲೇ ಯಾವುದಾದರೂ ಕಾಯಿಲೆ ಇದೆಯೇ? ಹೌದು. ವಿವರ: ಎದೆಯ ದೊಡ್ಡ ರಕ್ತನಾಳದಲ್ಲಿ ಊತ. ಒಡೆಯುವ ಸಂಭವ..."

ಅಲ್ಲಿಗೆ ನಿಂತರು. ಮುದುಕಪ್ಪ ನೆಲ ನೋಡಿದ.

"ಇದು ನಿನ್ನ ಅಕ್ಷರ," ಎಂದರು.

"ಹೂಂ."

"ಯಾರ್ದೇ ಈ ಕಾಯಿಲೆ? ನಿಂದಾ?" ಅವರ ಮುಖ ಬಿಳಿಚಿಕೊಂಡಿತ್ತು. ನನಗೇ ಕಾಯಿಲೆಯೆಂದು ಹೆದರಿದ್ದರು ಪುಣ್ಯಾತ್ಮ. ಹೌದು ಎಂದುಬಿಡಲೇ ಎಂದು ಒಂದು ಗಳಿಗೆ ಅನ್ನಿಸಿದ್ದು ಸುಳ್ಳಲ್ಲ.

"ನಿಮ್ದು," ಎಂದೆ.

"ಗ್ಯಾಸ್ಟ್ರಿಕ್ಕು?"

"ಅಲ್ಲ ರೀ."

"ಮಗಳಿಗೆ ಗೊತ್ತಾ?"

"ಗೊತ್ತು."

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎಡಗೈಯನ್ನು ಮೆಲ್ಲಗೆ ಎದೆಯ ಮೇಲಿಟ್ಟುಕೊಂಡು, ಎಂಟನೆಯದರಿಂದ ಕೊನೆಯ ಸಾಲಿನವರೆಗೆ ಓದಿದರು. ದನಿ ಇಳಿಯುತ್ತಾ ಹೋಯಿತು, ಆದರೂ ಒಂದಕ್ಷರ ಬಿಡಲಿಲ್ಲ. ಆಮೇಲೆ ಸಹಿ ಹಾಕಿದರು. ಏಣಿಯ ತುದಿಯಲ್ಲಿ ನಿಂತೂ ನೇರ ಗೆರೆ ಎಳೆಯುವ ಕೈ ಅದು. ಸಹಿ ಗೆರೆಯಿಂದ ಕೆಳಗೆ ಜಾರಿತ್ತು.

ಹೊರಗೆ ಬಂದು ಬಸ್ಸಿಗಾಗಿ ಬೆಂಚಿನ ಮೇಲೆ ಕುಳಿತೆವು. ಒಂದು ಬಸ್ಸು ಬಂದು ಹೋಯಿತು. ಇಬ್ಬರೂ ಏಳಲಿಲ್ಲ.

"ಎಷ್ಟು ದಿನ ಆಯ್ತು ನಿಂಗೆ ಗೊತ್ತಾಗಿ?"

"ಹನ್ನೊಂದು ತಿಂಗ್ಳು."

"ನಿದ್ದೆ ಬರ್ತಿತ್ತೇನೇ ನಿಂಗೆ?"

ಆಗ ನನ್ನ ಅಳು ಒತ್ತರಿಸಿಕೊಂಡು ಬಂತು. "ಎಲ್ಲಿಂದ ಬರ್ಬೇಕು? ನಿಮ್ಮುಸಿರು ಆಡ್ತಿದ್ಯಾ ಅಂತ ನೋಡ್ಕೊಂಡು ಬಿದ್ದಿರ್ತಿದ್ದೆ."



"ನಾನು ಗೊರಕೆ ಹೊಡೀತಿದ್ದೆ," ಎಂದರು. ಆಮೇಲೆ ನನ್ನ ಕೈ ಹಿಡಿದುಕೊಂಡರು. "ಇವತ್ತು ನೀನು ಮಲ್ಕೋ. ನಾನು ನೋಡ್ಕೊಂಡಿರ್ತೀನಿ. ನಂಗಿನ್ನು ಹೇಗೂ ನಿದ್ದೆ ಬರಲ್ಲ."