ಅಲಿಯ ಇಂಗ್ಲಿಷು

ಸರ್ವೋತ್ತಮ ಮಾಷ್ಟ್ರ ಟ್ಯುಟೋರಿಯಲ್‌ನಲ್ಲಿ ಒಂದು ಇಂಗ್ಲಿಷ್ ಪದಕ್ಕೆ ಒಂದೇ ಅರ್ಥ ಹೇಳಿ ಕುಳಿತುಬಿಟ್ಟರೆ ಅದು ಪದಕ್ಕೂ ಅವಮಾನ, ಮಾಷ್ಟ್ರಿಗೂ ಅವಮಾನ. ಕಾಪು ಪೇಟೆಯ ಮಹಡಿಯ ಮೇಲಿನ ಆ ಕೋಣೆಯಲ್ಲಿ ಎಸ್ಸೆಸ್ಸೆಲ್ಸಿ ಫೇಲಾದವರೂ ಗಲ್ಫಿಗೆ ಹಾರುವ ಆಸೆಯವರೂ ಒಂದೇ ಬೆಂಚಿನಲ್ಲಿ ಕೂರುತ್ತಿದ್ದರು. ಅವರೆಲ್ಲ ಕಾಯುತ್ತಿದ್ದದ್ದು ‘ಸಾರಿ’ ಎಂಬ ಪದದ ಪಾಠಕ್ಕೆ.

“ಸಾರಿ ಅಂದ್ರೆ ಎಂತ?” ಎಂದು ಮಾಷ್ಟ್ರು ಕೇಳುವರು.

“ತಪ್ಪಾಯ್ತು ಅಂತ, ಸರ್.”

“ಅಷ್ಟೇಯಾ ಮಾರಾಯ? ರೂಮಿಲ್ಲ ಅನ್ನುವಾಗ ಲಾಡ್ಜಿನವನು ಸಾರಿ ಅಂತಾನೆ. ಅವನು ಎಂತ ತಪ್ಪು ಮಾಡಿದ್ದು? ಸತ್ತವರ ಮನೆಗೆ ಹೋಗಿ ಸಾರಿ ಅಂತೀರಿ. ಕೊಂದದ್ದು ನೀವಾ? ಹೇಳಿದ್ದು ಕಿವಿಗೆ ಬೀಳದಿದ್ದರೂ ಸಾರಿ. ಹರಕು ಕೊಡೆ ಹಿಡಿದುಕೊಂಡು ಬರುವವನ ಅವಸ್ಥೆಗೂ ಸಾರಿ!”

ಆಮೇಲೆ ಅದರ ನೆಂಟರಿಷ್ಟರ ಮೆರವಣಿಗೆ. ರಿಗ್ರೆಟ್, ಅಪಾಲಜಿ, ಪಾರ್ಡನ್, ಎಕ್ಸ್‌ಕ್ಯೂಸ್. ಯಾವುದನ್ನು ಕಚೇರಿಯಲ್ಲಿ ಹೇಳಬೇಕು, ಯಾವುದನ್ನು ಬಸ್ಸಿನಲ್ಲಿ ಕಾಲು ತುಳಿದಾಗ ಹೇಳಬೇಕು ಎಂದು ಮಾಷ್ಟ್ರು ಅಭಿನಯಿಸಿ ತೋರಿಸುತ್ತಿದ್ದರೆ ಕೆಳಗಿನ ಜವಳಿ ಅಂಗಡಿಯವರೂ ಕಿವಿಗೊಡುತ್ತಿದ್ದರು. ಸಾವಿರದ ಒಂಬೈನೂರ ಎಪ್ಪತ್ತೈದರಲ್ಲಿ ಮಾಷ್ಟ್ರು ಆ ಪಾಠವನ್ನು ಇದ್ದಕ್ಕಿದ್ದಂತೆ ನಿಲ್ಲಿಸಿದರು. ಕೇಳಿದವರಿಗೆ “ಸಿಲೆಬಸ್ಸಿನಲ್ಲಿ ಇಲ್ಲ” ಎಂದರು.

ನಡೆದದ್ದು ಇಷ್ಟು. ಬಹರೈನಿನ ಒಂದು ಹೋಟೆಲಿಗೆ ಸ್ಟೋರಿನ ಗುಮಾಸ್ತನನ್ನು ಹುಡುಕಿಕೊಂಡು ಬೊಂಬಾಯಿಯ ಏಜೆಂಟನೊಬ್ಬ ಉಡುಪಿಯ ಲಾಡ್ಜಿನಲ್ಲಿ ಬಂದಿಳಿದಿದ್ದ. ಇಂಥವರು ಹುಡುಗರನ್ನು ಪರೀಕ್ಷಿಸುವ ತಾಪತ್ರಯ ಇಟ್ಟುಕೊಳ್ಳುತ್ತಿರಲಿಲ್ಲ. ಮಾಷ್ಟ್ರು ‘ಆಗಬಹುದು’ ಎಂದರೆ ಆಯಿತು. ಮಾಷ್ಟ್ರು ಇಬ್ಬರನ್ನು ಕರೆದುಕೊಂಡು ಹೋಗಿದ್ದರು. ಒಬ್ಬ, ಕಾಪುವಿನ ಒಣಮೀನಿನ ವ್ಯಾಪಾರಿ ಶೇಕಬ್ಬನವರ ಮಗ ಅಲಿ. ಆ ಟ್ಯುಟೋರಿಯಲ್ ಕಂಡ ಹುಡುಗರಲ್ಲೇ ಚುರುಕಿನವನು, ಇಂಗ್ಲಿಷಿನಲ್ಲಿ ಜಗಳ ಬೇಕಾದರೂ ಆಡಬಲ್ಲವನು. ಇನ್ನೊಬ್ಬ ವಾಸು, ಮಾಷ್ಟ್ರ ಹೆಂಡತಿ ಗುಣವತಿಯ ತಮ್ಮ. ಇವನಿಗೆ ‘ಯೆಸ್’ ಮತ್ತು ‘ನೋ’ ನಡುವೆ ಬೆವರು ಬರುತ್ತಿತ್ತು. ಆದರೆ ಹಿಂದಿನ ವಾರವಷ್ಟೇ ಅತ್ತೆ ಕಾರ್ಕಳದಿಂದ ಬಂದು, ಮಾಷ್ಟ್ರ ಎದುರು ಕುಳಿತು ಕಣ್ಣೀರು ಹಾಕಿ ಹೋಗಿದ್ದರು.

ಏಜೆಂಟ ಕೇಳಿದ, “ಒಬ್ಬನಿಗೆ ಮಾತ್ರ ಜಾಗ. ಯಾರು?”

ಹುಡುಗರಿಬ್ಬರೂ ಬಾಗಿಲ ಹೊರಗಿದ್ದರು. ಮಾಷ್ಟ್ರು ದನಿ ತಗ್ಗಿಸಿ, “ವಾಸುವನ್ನು ತಕ್ಕೊಳ್ಳಿ. ಆ ಇನ್ನೊಬ್ಬನದ್ದು ಬಾಯಿಪಾಠದ ಇಂಗ್ಲಿಷು. ಎದುರು ಪ್ರಶ್ನೆ ಹಾಕಿದರೆ ತಡವರಿಸುತ್ತಾನೆ” ಎಂದರು. ಹೊರಗೆ ಬಂದು ಅಲಿಯ ಬೆನ್ನು ತಟ್ಟಿದರು. “ಸಾರಿ ಅಲಿ, ಅವರಿಗೆ ನಿನ್ನ ಇಂಗ್ಲಿಷ್ ಸಾಕಾಗಲಿಲ್ಲವಂತೆ.”

ವಾಸು ಬಹರೈನಿಗೆ ಹೋದ. ಅಲಿ ಮಲ್ಪೆಯಲ್ಲಿ ಟ್ರಾಲ್ ಬೋಟು ಹತ್ತಿದ. ಮರುವರ್ಷ ಬಲೆ ಎಳೆಯುವ ಯಂತ್ರದ ಹಗ್ಗಕ್ಕೆ ಅವನ ಬಲಗೈಯ ಎರಡು ಬೆರಳು ಸಿಕ್ಕಿಕೊಂಡವು. ಮಣಿಪಾಲದಲ್ಲಿ ಕೈ ಉಳಿಸಿದರು, ಬೆರಳು ಉಳಿಯಲಿಲ್ಲ. ಆಮೇಲೆ ಬೋಟಿನವರು ಅವನನ್ನು ಕರೆಯಲಿಲ್ಲ. ಬಂದರಿನ ದಕ್ಕೆಯ ಬಳಿಯ ಐಸ್ ಫ್ಯಾಕ್ಟರಿಯಲ್ಲಿ ಕೆಲಸಕ್ಕೆ ಸೇರಿಕೊಂಡ.

ಅದಾದ ಮೇಲೆ ಶೇಕಬ್ಬ ಮಾಷ್ಟ್ರ ಮನೆಗೆ ಮೀನು ಕಳಿಸತೊಡಗಿದರು. ಅಂಗಡಿಯ ಒಣಮೀನಲ್ಲ, ಮಲ್ಪೆಯಿಂದ ಬಂದ ತಾಜಾ ಬಂಗುಡೆ, ಒಮ್ಮೊಮ್ಮೆ ಅಂಜಲಿನ ನಡುತುಂಡು. ಮಗನಿಗಾಗಿ ಉಡುಪಿಯವರೆಗೆ ಓಡಾಡಿದ ಋಣವೆಂದು ಕಳಿಸುತ್ತಿದ್ದಾರೆ ಎಂದೇ ಮಾಷ್ಟ್ರು ತಿಳಿದರು. ಆ ಮೀನಿನ ಗಸಿ ಅವರ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಹೊಟ್ಟೆ ಸರಿಯಿಲ್ಲ ಎಂದು ಮಜ್ಜಿಗೆ ಕಲಸಿಕೊಂಡು ಏಳುತ್ತಿದ್ದರು. ವಾಸು ಕಳಿಸಿದ ಟೇಪ್‌ರೆಕಾರ್ಡರು ಹಾಡುತ್ತಿದ್ದರೆ ಎದ್ದು ಅಂಗಳಕ್ಕೆ ಹೋಗುತ್ತಿದ್ದರು. ಪೇಟೆಯಲ್ಲಿ ಯಾರಾದರೂ ಅಲಿಯ ಹೆಸರೆತ್ತಿದರೆ ಸಾಕು, ಕುಂಬಳಕಾಯಿ ಕಳ್ಳನ ಕೈ ಹೆಗಲಿಗೆ ಹೋಗುತ್ತಿತ್ತು. ಗುಣವತಿಗೆ ಎಲ್ಲವೂ ಗೊತ್ತಿತ್ತು. ಆಕೆಯೂ ಬಾಯಿ ಬಿಡಲಿಲ್ಲ. ತಮ್ಮ ಕಳಿಸಿದ ಸೀರೆಯನ್ನು ಮಾತ್ರ ಪೆಟ್ಟಿಗೆಯಿಂದ ಹೊರಗೆ ತೆಗೆಯಲಿಲ್ಲ.

ಎಪ್ಪತ್ತೆಂಟರ ಅಕ್ಟೋಬರಿನಲ್ಲಿ ಶೇಕಬ್ಬ ಹಜ್‌ಗೆ ಹೊರಟರು. ಹಾಗೆ ಹೊರಡುವ ಬ್ಯಾರಿಗಳು ಮೊದಲು ಗುರುತಿನವರ ಮನೆಗಳಿಗೆಲ್ಲ ಹೋಗಿ, ತಿಳಿದೋ ತಿಳಿಯದೆಯೋ ಮಾಡಿದ್ದನ್ನು ಮನ್ನಿಸಿ ಎಂದು ಕೇಳಿಕೊಳ್ಳುವುದು ಕ್ರಮ. ಜಾತಿ ಮತ ಅಂತ ಇಲ್ಲ. ಮನೆಯವರು ‘ಮನಸ್ಸಲ್ಲಿ ಏನೂ ಇಟ್ಟುಕೊಂಡಿಲ್ಲ, ನಮಗಾಗಿಯೂ ಪ್ರಾರ್ಥಿಸಿ’ ಎಂದು ಕಳಿಸಿಕೊಡುತ್ತಾರೆ. ಎರಡು ನಿಮಿಷದ ಮಾತು. ಶೇಕಬ್ಬ ಬಿಳಿ ಅಂಗಿ ತೊಟ್ಟು ಜಗಲಿಯಲ್ಲಿ ಬಂದು ನಿಂತಾಗ ಮಾಷ್ಟ್ರು ಆ ಎರಡು ನಿಮಿಷ ಬೇಗ ಕಳೆಯಲಿ ಎಂದುಕೊಂಡರು.

“ನಿಮ್ಮ ಹತ್ರ ಸುಮ್ಮನೆ ಕೇಳಿ ಹೋಗ್ಲಿಕ್ಕಾಗುವುದಿಲ್ಲ ಮಾಷ್ಟ್ರೇ,” ಎಂದರು ಶೇಕಬ್ಬ. “ನಾನು ಮಾಡಿದ್ದೊಂದು ಉಂಟು. ಅಲಿಯ ಬೆರಳು ಹೋದಾಗ ನಂಗೆ ತಲೆ ಸರಿ ಇರ್ಲಿಲ್ಲ. ಮಾಷ್ಟ್ರು ಭಾವಮೈದನನ್ನು ಕಳಿಸ್ಲಿಕ್ಕಾಗಿ ನನ್ನ ಮಗನನ್ನು ತಪ್ಪಿಸಿದ್ದು ಅಂತ ನಾಲ್ಕು ಜನರ ಎದುರು ಹೇಳಿಬಿಟ್ಟೆ. ಆಮೇಲೆ ನಾಚಿಕೆಯಾಯ್ತು. ಕಲಿಸಿದವರ ಮೇಲೆ ಅಂಥ ಮಾತಾ? ಬಾಯಿಬಿಟ್ಟು ಕೇಳ್ಲಿಕ್ಕೆ ಧೈರ್ಯ ಇಲ್ಲದೆ ಮೀನು ಕಳಿಸಿದ್ದು. ಇನ್ನು ಅದನ್ನು ಹೊತ್ತುಕೊಂಡು ಮಕ್ಕಕ್ಕೆ ಹೋಗುವುದು ಹೇಗೆ? ಮನ್ನಿಸಿದೆ ಅಂತ ಒಂದು ಮಾತು ಹೇಳಿ.”

ಮಾಷ್ಟ್ರು ಗುಣವತಿಯ ಕಡೆ ನೋಡಿದರು. ಶರಬತ್ತಿನ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದ ಆಕೆ ನೆಲ ನೋಡಿದಳು. ‘ಮನ್ನಿಸಿದೆ’ ಎಂದರೆ ಮುಗಿಯುತ್ತಿತ್ತು. ಶೇಕಬ್ಬ ಹಗುರಾಗಿ ಹಡಗು ಹತ್ತುತ್ತಿದ್ದರು. ತಾನು ಮಾತ್ರ ಬಂದ ಮೀನಿನ ಮುಳ್ಳುಗಳನ್ನೆಲ್ಲ ಗಂಟಲಲ್ಲಿ ಇಟ್ಟುಕೊಂಡು ಉಳಿಯುತ್ತಿದ್ದೆ ಎಂದು ಮಾಷ್ಟ್ರಿಗೆ ಅನಿಸಿತು.

“ನನ್ನಿಂದ ಆಗುವುದಿಲ್ಲ ಶೇಕಬ್ಬ,” ಎಂದರು.

ಶೇಕಬ್ಬನವರ ಮುಖ ಬಾಡಿತು. “ಅಷ್ಟು ನೋವಾಗಿದೆಯಾ ಮಾಷ್ಟ್ರೇ?”

“ನೋವಲ್ಲ. ನೀವು ಹೇಳಿದ್ದು ನಿಜ. ನಾನೇ ತಪ್ಪಿಸಿದ್ದು.”

ಏಜೆಂಟ ಕೇಳಿದ್ದು, ತಾನು ಹೇಳಿದ್ದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದರು. ಶೇಕಬ್ಬ ಜಗಲಿಯ ಮೇಲೆ ಕುಳಿತುಬಿಟ್ಟರು. ಶರಬತ್ತು ಬೇಡವೆಂದು ಕೈಯಾಡಿಸಿ ನೀರು ಕೇಳಿ ಕುಡಿದರು. ಲೋಟ ಕೆಳಗಿಟ್ಟು ಹೇಳಿದರು.

“ಒಳ್ಳೆ ಸಮಯ ನೋಡಿ ಹೇಳಿದಿರಿ. ನಾನು ಹೊರಟವನು. ಕೋಪ ಕಟ್ಟಿಕೊಂಡು ಹೋಗುವ ಹಾಗಿಲ್ಲ. ನನ್ನ ಪಾಲಿನದ್ದು ಬಿಟ್ಟೆ. ಆದ್ರೆ ಮಾಷ್ಟ್ರೇ, ಬೆರಳು ನನ್ನದಲ್ಲ. ಅದನ್ನು ಬಿಡ್ಲಿಕ್ಕೆ ನಂಗೆ ಅಧಿಕಾರ ಇಲ್ಲ.”

ಅವರು ಹೋದ ಮೇಲೆ ಗುಣವತಿ, “ನಾಳೆಯೇ ಹೋಗಿ. ಅಷ್ಟು ವರ್ಷ ಅದೆಷ್ಟು ಬಗೆಯ ಸಾರಿ ಕಲಿಸಿದಿರಿ. ಊಟಕ್ಕಿಲ್ಲದ ಉಪ್ಪಿನಕಾಯಿ ಯಾಕೆ?” ಎಂದಳು. ಹೇಳಿ, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಮರುದಿನ ಮಲ್ಪೆಯಲ್ಲಿ ಮೀನಿನ ಏಲಂ ಕೂಗು ಮುಗಿಯುತ್ತ ಬಂದಿತ್ತು. ಐಸ್ ಫ್ಯಾಕ್ಟರಿಯ ಮುಂದೆ ಲಾರಿಗಳು ಸಾಲುಗಟ್ಟಿದ್ದವು. ಅಲಿ ಗೋಣಿ ಹಾಸಿದ ನೆಲದ ಮೇಲೆ ಐಸಿನ ದಿಮ್ಮಿ ಒಡೆಯುತ್ತಿದ್ದ. ಸುತ್ತಿಗೆ ಎಡಗೈಯಲ್ಲಿತ್ತು. ಮಾಷ್ಟ್ರನ್ನು ಕಂಡು ಸುತ್ತಿಗೆ ಕೆಳಗಿಟ್ಟು, ಮಡಚಿ ಕಟ್ಟಿದ ಲುಂಗಿ ಇಳಿಸಿ ನಿಂತ. ಕಲಿಸಿದವರ ಎದುರು ಅವನು ಯಾವಾಗಲೂ ಹಾಗೆಯೇ ನಿಲ್ಲುತ್ತಿದ್ದದ್ದು.

ಬಸ್ಸಿನುದ್ದಕ್ಕೂ ಮಾಷ್ಟ್ರು ಮಾತು ಜೋಡಿಸಿಕೊಂಡು ಬಂದಿದ್ದರು. ಒಂದೂ ನೆನಪಾಗಲಿಲ್ಲ. “ಅಲಿ, ಬಹರೈನಿನ ಕೆಲಸ ನಿನ್ನದಾಗಿತ್ತು. ನಾನು ಸುಳ್ಳು ಹೇಳಿ ವಾಸುವಿಗೆ ಕೊಡಿಸಿದೆ” ಎಂದರು.

ಅಲಿ ಒದ್ದೆ ಕೈಯನ್ನು ಲುಂಗಿಗೆ ಒರೆಸಿಕೊಂಡ. “ನನ್ನ ಬಗ್ಗೆ ಎಂತ ಹೇಳಿದಿರಿ, ಸರ್?”

“ಅದು ಈಗ ಯಾಕೆ...”

“ಹೇಳಿ, ಸರ್.”

“ಬಾಯಿಪಾಠದ ಇಂಗ್ಲಿಷು, ಎದುರು ಪ್ರಶ್ನೆ ಹಾಕಿದರೆ ತಡವರಿಸುತ್ತಾನೆ ಅಂತ.”

“ನಾನೂ ಹಾಗೇ ಅಂದುಕೊಂಡೆ,” ಎಂದ ಅಲಿ. “ಅವರಿಗೆ ನನ್ನ ಇಂಗ್ಲಿಷ್ ಸಾಕಾಗಲಿಲ್ಲ ಅಂತ ನೀವೇ ಹೇಳಿದಿರಲ್ಲ. ನೀವು ಹೇಳಿದ ಮೇಲೆ ಮತ್ತೆಂತ ಉಂಟು? ಆಮೇಲೆ ಎಲ್ಲಿಗೂ ಅರ್ಜಿ ಹಾಕ್ಲಿಲ್ಲ. ಬೊಂಬಾಯಿಗೆ ಹೋಗಿ ನೋಡು ಅಂತ ಎಲ್ಲರೂ ಹೇಳಿದ್ರು. ನಂಗೆ ಇಂಗ್ಲಿಷ್ ಬರುವುದಿಲ್ಲ ಅಂತ ಬೋಟು ಹತ್ತಿದೆ.”

ಬೆರಳಿನ ಲೆಕ್ಕ ಮಾತ್ರ ಮಾಡಿಕೊಂಡು ಬಂದಿದ್ದ ಮಾಷ್ಟ್ರಿಗೆ ಲೆಕ್ಕ ಅಲ್ಲಿಗೇ ನಿಲ್ಲುವುದಿಲ್ಲ ಎಂದು ಈಗ ಗೊತ್ತಾಯಿತು. ಕೈ ಜೋಡಿಸಿದರು. ಐವತ್ತು ದಾಟಿದ ಮನುಷ್ಯ, ಲಾರಿಯವರೆಲ್ಲ ನೋಡುತ್ತಿದ್ದಂತೆಯೇ ಅತ್ತರು.

“ನಿನ್ನ ಅಪ್ಪ ಬಿಟ್ಟುಬಿಟ್ಟರು, ಅಲಿ. ನೀನು...”

“ಹಜ್‌ಗೆ ಹೋಗುವವರು ಅವರು, ಸರ್. ನಾನಲ್ಲ.”

ಲಾರಿಯವನು ಹಾರ್ನ್ ಹಾಕಿದ. ಅಲಿ ಬಾಗಿ ಸುತ್ತಿಗೆ ಎತ್ತಿಕೊಂಡ. ಮತ್ತೆ ತಲೆಯೆತ್ತಿ, ಮಾಷ್ಟ್ರ ಕಣ್ಣಲ್ಲಿ ಕಣ್ಣಿಟ್ಟು, ಎಷ್ಟೋ ಕಾಲದಿಂದ ಆಡದೇ ಇದ್ದ ಇಂಗ್ಲಿಷಿನಲ್ಲಿ ಹೇಳಿದ.

“ಐ ಆಮ್ ಸಾರಿ, ಸರ್. ಐ ಕೆನಾಟ್ ಫರ್ಗಿವ್ ಯೂ.”

ಎಲ್ಲಿಯೂ ತಡವರಿಸಲಿಲ್ಲ.